ಬೆನ್ನುನೀರು ತೆಗೆದ ಚಳಿಗಾಲ

ಹೋದ ತಿಂಗಳು ಹೊಸೂರು ಪಕ್ಕದ ಆಲಸನತ್ತದಲ್ಲಿ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅವಳ ಮೊಮ್ಮಗಳು ಶಾಲೆಯ ಚಾರ್ಟಿಗೆಂದು ಕಪ್ಪು ಡ್ರಾಯಿಂಗ್ ಇಂಕಿನ ಸೀಸೆ ತಂದು ನನ್ನ ಪಕ್ಕದಲ್ಲೇ ಕೂತು ಮುಚ್ಚಳ ತಿರುಗಿಸಿದಳು. ಕರ್ಪೂರವೂ ಫಿನಾಯಿಲೂ ಬೆರೆತಂಥ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. "ಯಾಕ್ ದೊಡ್ಡಜ್ಜಿ, ತಲೆನೋವಾ?" ಎಂದು ಹುಡುಗಿ ಹಿಂದೆಯೇ ಬಂದಳು. ಹೌದು ಕಣೆ ಎಂದೆ. ತಲೆನೋವೇ, ಆದರೆ ನನ್ನದಲ್ಲ. ರತ್ನಮ್ಮ ಎಂಬ ಹೆಣ್ಣಿನದು, ಅವಳು ಸತ್ತು ಮೂವತ್ತು ವರ್ಷದ ಮೇಲಾಯಿತು.

ಎಂಬತ್ತರ ದಶಕ ಮುಗಿಯುತ್ತಿದ್ದ ಚಳಿಗಾಲ ಅದು. ನಾನು ಹೊಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಲ್ಯಾಬ್ ಎಂದರೆ ದೊಡ್ಡದೇನನ್ನೋ ನೆನೆಸಿಕೊಳ್ಳಬೇಡಿ. ಹಿಂದೆ ಸೌದೆ ಒಟ್ಟುತ್ತಿದ್ದ ಹೆಂಚಿನ ಕೋಣೆಗೆ ಸುಣ್ಣ ಬಳಿದು ಒಂದು ಮೇಜು ಹಾಕಿದ್ದರು, ಅಷ್ಟೆ. ಮೇಜಿನ ಮೇಲೆ ಕೆಳಗೆ ಕನ್ನಡಿಯಿರುವ ಹಳೆಯ ಮೈಕ್ರೋಸ್ಕೋಪು. ಕಿಟಕಿಯಿಂದ ಬಿಸಿಲು ಬಂದು ಆ ಕನ್ನಡಿಗೆ ತಾಗಿದರೆ ಮಾತ್ರ ಒಳಗೆ ಏನಾದರೂ ಕಾಣುತ್ತಿತ್ತು. ಹೊಸೂರಿನ ಮಂಜು ಗೊತ್ತಿದ್ದವರಿಗೆ ನನ್ನ ಪಾಡು ಅರ್ಥವಾದೀತು. ಫ್ಯಾಕ್ಟರಿಗಳ ಸೈರನ್ ಕೂಗಿ, ಷಿಫ್ಟಿನ ಬಸ್ಸುಗಳು ಹೋಗಿ, ಹೊಟೇಲುಗಳಲ್ಲಿ ಇಡ್ಲಿ ಖಾಲಿಯಾಗುವ ಹೊತ್ತಾದರೂ ನನ್ನ ಕಿಟಕಿಯಲ್ಲಿ ಹಾಲು ಚೆಲ್ಲಿದ ಹಾಗೆ ಮಂಜು ಕೂತಿರುತ್ತಿತ್ತು. ಸೂರ್ಯ ಏಳುವವರೆಗೆ ರೋಗವೂ ಕಾಯಬೇಕು.

ಡಾಕ್ಟರಮ್ಮ ತಿರುನೆಲ್ವೇಲಿ ಕಡೆಯವರು. ಸಣ್ಣ ಮೈ, ದೊಡ್ಡ ಸಿಟ್ಟು. ಅವರಿಗೆ ತಮಿಳು, ಇಂಗ್ಲಿಷು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ರಾಯಕೋಟೆ ಕಡೆಯ ಜನ ತೆಲುಗು, ತಳಿ, ಗುಮ್ಮಳಾಪುರ ಊರುಗಳ ಕಡೆಯವರು ಕನ್ನಡ, ಪೇಟೆಯವರು ತಮಿಳು. ನಾನು ಮೂರರಲ್ಲೂ ಬೈಯಬಲ್ಲವಳಾದ್ದರಿಂದ ಲ್ಯಾಬಿನ ಕೆಲಸ ಮುಗಿದ ಮೇಲೆ ಅವರ ನಾಲಗೆಯ ಕೆಲಸವೂ ನನ್ನದೇ. ಅವರು ಹೇಳಿದ್ದನ್ನು ರೋಗಿಗಳಿಗೆ ಹೇಳುವುದು, ರೋಗಿಗಳು ಅತ್ತದ್ದನ್ನು ಅವರಿಗೆ ಹೇಳುವುದು.

ರತ್ನಮ್ಮನನ್ನು ಕರೆತಂದದ್ದು ರಾಗಿ ಕಣ ನಡೆಯುತ್ತಿದ್ದ ದಿನಗಳಲ್ಲಿ. ಗುಮ್ಮಳಾಪುರದ ಪಕ್ಕದ ಒಂದು ಹಳ್ಳಿಯಿಂದ ಗಾಡಿಯಲ್ಲಿ ರಸ್ತೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬಂದಿದ್ದರು. ಒಂದು ಕಡೆ ಅವಳ ಗಂಡ ಗೋಪಾಲ, ಫ್ಯಾಕ್ಟರಿಯ ಖಾಕಿ ಬಟ್ಟೆಯಲ್ಲೇ ಇದ್ದ. ಇನ್ನೊಂದು ಕಡೆ ಅವಳ ಮಾವ ಮುನಿಯಪ್ಪ, ತಲೆಗೆ ಕೆಂಪು ಟವೆಲ್ಲು, ಪಂಚೆಗೆಲ್ಲ ರಾಗಿ ಹೊಟ್ಟು. ಅವನ ಬೆರಳು ಹಿಡಿದು ನಾಲ್ಕೈದು ವರ್ಷದ ಹೆಣ್ಣುಮಗು, ಮಂಜಿ. ರತ್ನಮ್ಮ ತಲೆಗೆ ಸೀರೆಯ ತುಂಡೊಂದನ್ನು ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದ್ದಳೆಂದರೆ ಹಣೆಯ ಚರ್ಮ ಅದರೊಳಗೆ ಹೂತುಹೋಗಿತ್ತು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಒಂದು ಕಣ್ಣಿನ ಗುಡ್ಡೆ ಮೂಗಿನ ಕಡೆಗೆ ಸರಿದು ನಿಂತಿತ್ತು. ಕೆನ್ನೆಯಿಂದ ಕಿವಿಯವರೆಗೆ ಏನೋ ಕಪ್ಪಗೆ ಒಣಗಿ ಹೆಪ್ಪಾಗಿ ಕೆಟ್ಟ ವಾಸನೆ ಬರುತ್ತಿತ್ತು.

"ಇದೇನು, ಗಾಯ ಆಗಿದೆಯಾ?" ಎಂದು ಕೇಳಿದೆ.

"ಇಲ್ಲ ತಾಯಿ, ಪಾರಿವಾಳದ ರಕ್ತ" ಎಂದ ಮುನಿಯಪ್ಪ. "ಕಣ್ಣು ಓರೆ ಆಯ್ತಲ್ಲ, ಲಕ್ವ ಒಡ್ದೈತೆ ಅಂದ್ಕಂಡು ನಾನೇ ಅಚ್ದೆ. ನಮ್ಮನೇಲಿ ಪಾರಿವಾಳ ಅವೆ. ಮೂರು ತಾಲೂಕಿಂದ ಬತ್ತಾರೆ ಜನ. ಬಿಸಿ ರಕ್ತ ತೀಡುದ್ರೆ ಸೆಟೆದಿದ್ದ ಕೈಕಾಲು ಆಡ್ತವೆ. ಒಂದು ಕಾಸು ಈಸ್ಕಂಡಿಲ್ಲ ನಾನು. ಇವ್ಳಿಗೆ ಮಾತ್ರ ಯಾಕೋ ಇಡೀಲಿಲ್ಲ."

ಇದನ್ನು ತಮಿಳಿನಲ್ಲಿ ಹೇಳಿದಾಗ ಡಾಕ್ಟರಮ್ಮನ ಮುಖ ಕೆಂಡವಾಯಿತು. ಆದರೆ ರತ್ನಮ್ಮ ಬಾಯಿ ತೆರೆದಾಗ ಆ ಕೆಂಡ ಆರಿಹೋಯಿತು. ನಾಲಗೆ, ಅಂಗುಳ, ಗಂಟಲು ಎಲ್ಲ ಮೊಸರು ಮೆತ್ತಿದ ಹಾಗೆ ಬೆಳ್ಳಗಿತ್ತು. ಹಸುಗೂಸಿನ ಬಾಯಲ್ಲಿ ಕಟ್ಟುತ್ತದಲ್ಲ, ಅದೇ.

"ಬಿಳಿಗಾರ ಜೇನು ತೀಡ್ದೆ ಅಕ್ಕ, ಮಗೀಗೆ ತೀಡ್ದಂಗೆ" ಎಂದಳು ರತ್ನಮ್ಮ, ಮೆಲ್ಲಗೆ. "ಓಯ್ತದೆ, ತಿರ್ಗಾ ಬತ್ತದೆ. ಉಣ್ಣಕ್ಕಾಗಲ್ಲ." ಮಕ್ಕಳಿಗೆ ಬರುವುದು ತನಗೆ ಬಂದಿದೆಯೆಂದು ಅವಳಿಗೆ ನಾಚಿಕೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಬಿಳಿಯನ್ನು ಕೆರೆದು ಗಾಜಿಗೆ ಹಚ್ಚಿ ನೋಡಿದೆ. ದಾರದಂಥ ಎಳೆಗಳು, ಎಳೆಗಳ ತುಂಬ ಮೊಗ್ಗು. ಬೂಷ್ಟು. ಬಾಣಂತಿಯಲ್ಲ, ಸಕ್ಕರೆ ಕಾಯಿಲೆಯಿಲ್ಲ, ಇಷ್ಟು ವಯಸ್ಸಿನ ಹೆಂಗಸಿನ ಬಾಯಲ್ಲಿ ಇದು ಯಾಕೆ ಬೆಳೆಯಿತು? ಮೊದಲು ಬೇರೊಂದು ಆಸ್ಪತ್ರೆಯಲ್ಲಿ ಮೆದುಳಿನ ಕ್ಷಯ ಎಂದು ವಾರಗಟ್ಟಲೆ ಸೂಜಿ ಚುಚ್ಚಿದ್ದರು, ತಲೆನೋವು ಎಳ್ಳಷ್ಟೂ ಇಳಿದಿರಲಿಲ್ಲ. ಡಾಕ್ಟರಮ್ಮ ಬಹಳ ಹೊತ್ತು ಅವಳ ಹೊಟ್ಟೆಯ ಮೇಲಿದ್ದ ಹೆರಿಗೆಯ ಆಪರೇಷನ್ ಗಾಯದ ಗುರುತನ್ನು ನೋಡಿ, ಬೆನ್ನುಮೂಳೆಗೆ ಸೂಜಿ ಚುಚ್ಚಿ ಬೆನ್ನುನೀರು ತೆಗೆಯಬೇಕು ಎಂದರು.

ಆ ಮಾತು ಕೇಳಿದ್ದೇ ಗೋಪಾಲ ಗೋಡೆಯ ಕಡೆ ತಿರುಗಿದ. "ಬ್ಯಾಡ. ನಮ್ಮೂರಲ್ಲಿ ಒಬ್ಬುಂಗೆ ಬೆನ್ನುನೀರು ತೆಗುದ್ರು. ವಾರ ತುಂಬಲಿಲ್ಲ, ಓಗ್ಬುಟ್ಟ."

ಇದು ಅವನೊಬ್ಬನ ಮಾತಲ್ಲ. ನಮ್ಮ ಸೀಮೆಯಲ್ಲಿ ಎಲ್ಲರೂ ಹೀಗೇ ಹೇಳುತ್ತಿದ್ದರು. ಸಾಯುವ ಸ್ಥಿತಿಗೆ ಬಂದವರಿಗೇ ಬೆನ್ನುನೀರು ತೆಗೆಯುವುದು, ಅವರು ಸಾಯುವುದು, ಸೂಜಿಯ ತಲೆಗೆ ಕೊಲೆ ಕಟ್ಟುವುದು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮುನಿಯಪ್ಪನೇ ಮಗನ ಮೇಲೆ ಹರಿಹಾಯ್ದ.

"ಇವ್ಳ ಎರಿಗೇಲಿ ರಕ್ತ ಬೇಕು ಅಂದಾಗ್ಲೂ ಇಂಗೇ ಗೋಡೆ ನೋಡ್ತಾ ನಿಂತಿದ್ದೆ ಕಣ್ಲಾ ನೀನು. ಗಂಡುಮಗ ರಕ್ತ ಕೊಟ್ರೆ ಸೊಂಟ ಬಿದ್ದೋಗ್ತದೆ ಅಂತ ನಿಮ್ಮವ್ವ ಅಂದ್ಲು, ನೀನು ಊಂ ಅಂದೆ. ಇವಳಣ್ಣನೂ ಊರಿಗೆ ಬಸ್ಸತ್ತಿದ. ನನ್ ರಕ್ತ ವಯಸ್ಸಾಗೈತೆ, ಬ್ಯಾಡ ಅಂದ್ರು. ಕೊನೀಗೆ ಯಾರು ಓಡಿದ್ದು?" ಅವನು ನನ್ನ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ: "ಆಸ್ಪತ್ರೆ ಮುಂದ್ಲ ಟೀ ಅಂಗಡೀಲಿ ಒಬ್ಬ ಸಿಕ್ದ ತಾಯಿ. ರಕ್ತ ಕೊಡೋದೇ ಅವುನ್ ಕೆಲ್ಸವಂತೆ. ಕಾಲಿಗ್ಬಿದ್ದೆ. ಕೈ ಇಡ್ಕಂಡು ಕರ್ಕಂಬಂದೆ. ಅವುನ್ ರಕ್ತ ಒಳೀಕ್ ಓದ್ಮೇಲೇ ಇವ್ಳು ಕಣ್ಬಿಟ್ಟಿದ್ದು. ಎಸ್ರು ಕೇಳೋದು ಮರ್ತೆ. ಇವತ್ತಿಗೂ ಸೋಮವಾರ ಆ ಪುಣ್ಯಾತ್ಮಂಗೆ ಅಂತ ಒಂದು ದೀಪ ಅಚ್ತೀನಿ."

ಮುದುಕನ ಈ ಪುರಾಣವನ್ನು ನಾನು ಅರ್ಧಕ್ಕೇ ಮೊಟಕು ಮಾಡಿ ತಮಿಳಿಗೆ ತಂದೆ. ಡಾಕ್ಟರಮ್ಮ ಪೂರ್ತಿ ಹೇಳಿಸಿದರು. ಎಷ್ಟು ವರ್ಷದ ಕೆಳಗೆ, ಎಷ್ಟು ಬಾಟಲಿ, ಆಮೇಲೆ ಮಗುವಿಗೆ ಮೊಲೆ ಕೊಟ್ಟಿದ್ದಳೇ, ಎಂದೆಲ್ಲ ಕೇಳಿದರು. ಎದೆಹಾಲು ಬರಲೇ ಇಲ್ಲವಂತೆ, ಮಂಜಿ ಹಸುವಿನ ಹಾಲು ಕುಡಿದೇ ಬೆಳೆದವಳಂತೆ. ಅದನ್ನು ಕೇಳಿ ಡಾಕ್ಟರಮ್ಮ "ಪರವಾಯಿಲ್ಲೈ" ಎಂದು ಉಸಿರುಬಿಟ್ಟರು. ಆಗ ನನಗೆ ಒಂದೂ ಅರ್ಥವಾಗಲಿಲ್ಲ.

ಬೆನ್ನುನೀರು ತೆಗೆಯಲು ಕೊನೆಗೆ ಒಪ್ಪಿದ್ದು ಮುನಿಯಪ್ಪನೇ. ಹೆಬ್ಬೆಟ್ಟು ಒತ್ತಿ, ಸೊಸೆಯ ತಲೆಯನ್ನು ಮೊಣಕಾಲಿಗೆ ಬಗ್ಗಿಸಿ ಹಿಡಿದುಕೊಂಡವನೂ ಅವನೇ. ಸೂಜಿ ಒಳಗೆ ಹೋದ ಕೂಡಲೇ ನೀರು ತೊಟ್ಟಿಕ್ಕುವ ಬದಲು ಚಿಮ್ಮಿತು. ತಲೆಯೊಳಗೆ ಅಷ್ಟು ಒತ್ತಡ. ನೋಡಲು ಬಾವಿಯ ತಿಳಿನೀರಿನ ಹಾಗಿತ್ತು. ನಾನಂತೂ ಇದರಲ್ಲೇನೂ ಇಲ್ಲ ಎಂದುಕೊಂಡೆ.

"ಇಂಡಿಯನ್ ಇಂಕ್ ಬೇಕು" ಎಂದರು ಡಾಕ್ಟರಮ್ಮ. ಅವರು ಓದುವಾಗ ಬೇರೆ ಒಬ್ಬ ರೋಗಿಯಲ್ಲಿ ಒಂದೇ ಒಂದು ಸಲ ಇದನ್ನು ನೋಡಿದ್ದರಂತೆ. ನಾನು ಪೇಟೆಗೆ ಓಡಿ ಪೆನ್ನಿಗೆ ಹಾಕುವ ಕಪ್ಪು ಇಂಕು ತಂದೆ. ಬೆರೆಸಿ ನೋಡಿದರೆ ಎಲ್ಲ ಬಣ್ಣ ಮಸಿ ನುಂಗಿತು ಅನ್ನುವ ಹಾಗೆ ಗಾಜಿನ ತುಂಬ ಕಪ್ಪು, ಬೇರೇನೂ ಇಲ್ಲ. ಇದು ನೀರಲ್ಲಿ ಕರಗುವ ಬಣ್ಣ, ನಮಗೆ ಬೇಕಾದ್ದು ಕರಗದ ಕಾಡಿಗೆಯ ಪುಡಿಯಿರುವ ಇಂಕು ಎಂದು ಬೈಸಿಕೊಂಡೆ. ನಮ್ಮ ಬೀದಿಯಲ್ಲಿ ಫ್ಯಾಕ್ಟರಿಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಕೆಲಸ ಮಾಡುವವರೊಬ್ಬರು ಇದ್ದರು. ಯಂತ್ರದ ನಕ್ಷೆ ಬರೆಯುವ ಇಂಕಿನ ಒಂದು ಸಣ್ಣ ಸೀಸೆ ಕೊಟ್ಟರು. ಇಂಕಿನಲ್ಲೂ ಬೂಷ್ಟು ಬೆಳೆದಿರುತ್ತದೆ, ಮೊದಲು ಬರೀ ಇಂಕನ್ನೇ ನೋಡು ಎಂದರು ಡಾಕ್ಟರಮ್ಮ. ನೋಡಿದೆ, ಶುದ್ಧವಾಗಿತ್ತು. ಆಮೇಲೆ ಬೆನ್ನುನೀರಿನ ಕೊಳವೆಯನ್ನು ಕೈಯಂತ್ರದಲ್ಲಿ ಗರಗರ ತಿರುಗಿಸಿ, ತಳದಲ್ಲಿ ಕೂತದ್ದರ ಒಂದು ಹನಿಗೆ ಇಂಕಿನ ಒಂದು ಹನಿ ಸೇರಿಸಿ, ಮಂಜು ಸರಿಯುವುದನ್ನು ಕಾಯುತ್ತಾ ಕೂತೆ.

ಬಿಸಿಲು ಬಿತ್ತು. ಬೂದು ಬಣ್ಣದ ಹಿನ್ನೆಲೆಯಲ್ಲಿ ಒಂದು ದುಂಡನೆಯ ಕಾಳು, ಅದರ ಸುತ್ತ ಅಗಲವಾದ ಬೆಳಕಿನ ಬಳೆ. ಚಂದ್ರನಿಗೆ ಗುಡಿ ಕಟ್ಟುತ್ತದಲ್ಲ, ಹಾಗೆ. ಮೊದಲು ಒಂದು, ಗಾಜು ಸರಿಸಿದರೆ ಇನ್ನೊಂದು, ಆಮೇಲೆ ಎಲ್ಲಿ ನೋಡಿದರೂ ಅದೇ. ಗಾಳಿಯ ಗುಳ್ಳೆ ಅಲ್ಲ, ಬಿಳಿ ರಕ್ತಕಣ ಅಲ್ಲ. ಅವುಗಳ ಅಂಚು ಮಸುಕು, ಇವುಗಳ ಅಂಚು ಕತ್ತರಿಸಿದ ಹಾಗಿತ್ತು. ಒಂದು ಕಾಳಿಗೆ ಮರಿ ಕಾಳೊಂದು ಅಂಟಿಕೊಂಡಿತ್ತು. ಚೆಂದವಾಗಿತ್ತು, ಸುಳ್ಳೇಕೆ ಹೇಳಲಿ. ಒಂದು ಹೆಣ್ಣಿನ ತಲೆಯೊಳಗೆ ಇಷ್ಟು ಚೆಂದದ ವಸ್ತು ಮರಿ ಹಾಕುತ್ತಾ ಕೂತು ಅವಳನ್ನು ಕೊಲ್ಲುತ್ತಿದೆ ಎಂದು ನನಗೆ ಮೈ ಉರಿಯಿತು.

ಡಾಕ್ಟರಮ್ಮ ನೋಡಿ, ಕಣ್ಣೆತ್ತದೆಯೇ ತಮಿಳಿನಲ್ಲಿ ನನಗೆ ಹೇಳಿದರು. ಇದು ಮಣ್ಣಿನಲ್ಲಿರುತ್ತದೆ, ಹಳೆಯ ಪಾರಿವಾಳದ ಹಿಕ್ಕೆಯಲ್ಲಿ ಹೆಚ್ಚು. ನೀನೂ ಉಸಿರಾಡಿದ್ದೀಯ, ನಾನೂ ಉಸಿರಾಡಿದ್ದೇನೆ. ಗಟ್ಟಿ ಮೈಯಿದ್ದರೆ ಇದು ಏನೂ ಮಾಡುವುದಿಲ್ಲ. ಮೈಯ ಕಾವಲು ಪೂರ್ತಿ ಬಿದ್ದುಹೋದವರಲ್ಲಿ ಮಾತ್ರ ತಲೆಗೆ ಏರುತ್ತದೆ. ಕಾವಲು ಬೀಳಿಸಿದ್ದು ಯಾವುದು ಅಂತ ನೋಡಬೇಕು. ಮನೆಯವರೆಲ್ಲರ ರಕ್ತ ಮದ್ರಾಸಿಗೆ ಕಳಿಸೋಣ.

ಅವರ ಅನುಮಾನ ಏಡ್ಸ್ ಮೇಲೆ. ಆ ರೋಗದ ಹೆಸರನ್ನು ನಾನು ಅಲ್ಲಿಯವರೆಗೆ ಪತ್ರಿಕೆಯಲ್ಲಿ ಮಾತ್ರ ಓದಿದ್ದೆ. ಮದ್ರಾಸಿನಲ್ಲಿ ಮೈ ಮಾರುವ ಹೆಂಗಸರನ್ನು ಹಿಡಿದು ಕೂಡಿಹಾಕಿದ್ದಾರೆ ಎಂದೆಲ್ಲ ಬರೆಯುತ್ತಿದ್ದರು. ಅದು ನಡತೆ ಕೆಟ್ಟವರ ಕಾಯಿಲೆ ಎಂದೇ ನಾವು ತಿಳಿದಿದ್ದೆವು. ತೊಳೆದು ಪೌಡರು ಹಾಕಿ ಮತ್ತೆ ಮತ್ತೆ ತೊಡುತ್ತಿದ್ದ ನನ್ನ ಕೈಗವಸುಗಳ ಬೆರಳ ತುದಿಯಲ್ಲಿ ತೂತುಗಳಿದ್ದವು. ನನಗೂ ಹೆದರಿಕೆಯಾಯಿತು. ಮನೆಗೆ ಹೋಗಿ ಮೊಣಕೈವರೆಗೆ ಸೋಪು ಹಾಕಿ ಉಜ್ಜಿಕೊಂಡೆ.

ಬೂಷ್ಟಿಗೆ ಒಂದು ಔಷಧಿ ಇತ್ತು. ಡಾಕ್ಟರಮ್ಮ ಬೆಂಗಳೂರಿಗೆ ಹೋಗಿ ಐಸು ತುಂಬಿದ ಫ್ಲಾಸ್ಕಿನಲ್ಲಿ ತರುತ್ತಿದ್ದರು. ಬೆಳಕು ತಾಗಬಾರದೆಂದು ಬಾಟಲಿಗೆ ಕಪ್ಪು ಕಾಗದ ಸುತ್ತಿ ಹನಿಹನಿಯಾಗಿ ಏರಿಸಬೇಕು. ಅದು ಒಳಗೆ ಹೋದರೆ ರತ್ನಮ್ಮ ಮಂಚವೇ ಅಲುಗುವ ಹಾಗೆ ನಡುಗುತ್ತಿದ್ದಳು. ನಾಲ್ಕು ಕಂಬಳಿ ಹೊದಿಸಿ ಮುನಿಯಪ್ಪ ಅವಳ ಕಾಲುಗಳನ್ನು ತನ್ನ ಎದೆಗೆ ಒತ್ತಿಕೊಂಡು ಕೂರುತ್ತಿದ್ದ. ಸೊಸೆಯ ಕಾಲು ಮುಟ್ಟುವುದೇ ಎಂದು ಪಕ್ಕದ ಮಂಚದವರು ಆಡಿಕೊಂಡರು. "ನಾನೇ ನೋಡಿ ತಂದ ಎಣ್ಣು. ನಿಮ್ಗೇನ್ರವ್ವ?" ಎಂದು ಅವರ ಬಾಯಿ ಮುಚ್ಚಿಸಿದ.

ಒಂದು ಸಂಗತಿ ಮಾತ್ರ ನಮಗೆಲ್ಲ ಆಶ್ಚರ್ಯ. ಬೆನ್ನುನೀರು ತೆಗೆದಾಗಲೆಲ್ಲ ತಲೆಯ ಒತ್ತಡ ಇಳಿದು ರತ್ನಮ್ಮನ ನೋವು ಕಡಿಮೆಯಾಗುತ್ತಿತ್ತು. ಯಾವ ಸೂಜಿಗೆ ಗಂಡ ಹೆದರಿದ್ದನೋ ಅದನ್ನು ಅವಳೇ ಕೇಳತೊಡಗಿದಳು. "ಅಕ್ಕ, ನೀರು ತೆಗೀರಿ ಅಂತ ಅಮ್ಮಾರ್ಗೆ ಏಳಕ್ಕ. ಒಸಿ ಮಗೀನ್ ಕುಟೆ ಮಾತಾಡ್ಬೇಕು" ಎನ್ನುತ್ತಿದ್ದಳು. ನೀರು ತೆಗೆದ ಮೇಲೆ ಒಂದು ದಿನ, ಒಂದೂವರೆ ದಿನ, ಅವಳು ಮನುಷ್ಯಳಾಗಿರುತ್ತಿದ್ದಳು. ಮಂಜಿಗೆ ಜಡೆ ಹಾಕುತ್ತಿದ್ದಳು. ಕೆಲಮಂಗಲದ ಸಂತೆಯಿಂದ ಮಾವ ತಂದ ಕಡಲೆಪುರಿಯನ್ನು ನನಗೂ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ. ಹೆದರಿಕೆ ಆ ಹೊತ್ತಿಗೆ ಹೋಗಿತ್ತೋ, ಅವಳ ಮುಖ ನೋಡಿ ಅದಕ್ಕೇ ನಾಚಿಕೆಯಾಗಿತ್ತೋ ಗೊತ್ತಿಲ್ಲ. ಗಾಜಿನಲ್ಲಿ ಬೆಳಕಿನ ಬಳೆಗಳು ಕಡಿಮೆಯಾಗುತ್ತಾ ಬಂದವು. ಸಂಕ್ರಾಂತಿಯ ಹೊತ್ತಿಗೆ ಹುಡುಕಿದರೆ ಒಂದೋ ಎರಡೋ. ಬದುಕುತ್ತಾಳೆ ಎಂದು ನಾನು ನಂಬಿಬಿಟ್ಟೆ.

ಆಗಲೇ ಮದ್ರಾಸಿನಿಂದ ಫಲಿತಾಂಶ ಬಂದದ್ದು. ರತ್ನಮ್ಮನ ರಕ್ತದಲ್ಲಿ ಇತ್ತು. ಗಂಡನಲ್ಲಿ ಇರಲಿಲ್ಲ, ಮಗುವಿನಲ್ಲೂ ಇರಲಿಲ್ಲ.

ಡಾಕ್ಟರಮ್ಮ ಗೋಪಾಲನನ್ನು ಒಳಗೆ ಕರೆದರು. ನಾನು ಅವರ ಮಾತನ್ನು ಕನ್ನಡಕ್ಕೆ ತರುತ್ತಾ ನಿಂತೆ. ಅವನು ಮೊದಲು ಕೇಳಿದ್ದು "ನಂಗೂ ಐತಾ?" ಎಂದು. ಇಲ್ಲ ಎಂದಾಗ ಕುರ್ಚಿಗೆ ಒರಗಿದ. ಅದು ಸಹಜ, ಅದಕ್ಕೆ ನಾನೇನೂ ಅನ್ನುವುದಿಲ್ಲ. ಎರಡನೆಯದಾಗಿ ಕೇಳಿದ್ದು: "ಅಂಗಾರೆ ಅವ್ಳಿಗೆಲ್ಲಿಂದ ಬಂತು?"

ಹೆರಿಗೆಯಲ್ಲಿ ಹಾಕಿದ ರಕ್ತದಿಂದ ಎಂದು ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ರಕ್ತ ಮಾರುವವರಲ್ಲಿ ಈ ರೋಗ ಇರುತ್ತದೆ, ಆಗ ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ, ಅವಳ ತಪ್ಪಿಲ್ಲ. ಅವನು ನೆಲ ನೋಡುತ್ತಾ ಕೇಳಿಸಿಕೊಂಡ. "ರಕ್ತದಿಂದ ಬದುಕ್ತಾರೆ. ಸಾಯ್ತಾರಾ?" ಎಂದ. ಎದ್ದು ಹೋದ. ಆಮೇಲೆ ಆಸ್ಪತ್ರೆಗೆ ಬರಲೇ ಇಲ್ಲ. ರಕ್ತದ ಮಾತು ನಂಬಿದರೆ ಆವತ್ತು ತಾನು ತೋಳು ಚಾಚಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕಲ್ಲ. ಅದಕ್ಕಿಂತ ಹೆಂಡತಿಯ ನಡತೆ ಅಳೆಯುವುದು ಸುಲಭ.

ರತ್ನಮ್ಮನಿಗೂ ಹೇಳಿದೆವು. ಅವಳು ಅಳಲಿಲ್ಲ. "ಅವ್ರು ನಂಬುದ್ರಾ?" ಎಂದು ಕೇಳಿದಳು. ನಾನು ಬಾಟಲಿಗೆ ಸುತ್ತಿದ ಕಪ್ಪು ಕಾಗದ ಸರಿಮಾಡತೊಡಗಿದೆ. ಅವಳಿಗೆ ಅಷ್ಟು ಸಾಕಾಯಿತು.

"ನಮ್ಮಾವಂಗೆ ಈ ಕಾಯ್ಲೆ ಎಸ್ರು ಏಳ್ಬೇಡಿ ಅಕ್ಕ. ಅದೊಂದು ನಡೆಸ್ಕೊಡಿ" ಎಂದಳು. "ನಾನು ಸತ್ರೆ ಮಂಜೀನ ಆ ಮನೇಲಿ ಇಟ್ಕಳೋದು ಅವ್ರೊಬ್ರೇ. ನಮ್ಮಣ್ಣನ ಮನೇಲಿ ನಮ್ಮತ್ತಿಗೆ ಒಳೀಕ್ ಸೇರ್ಸಲ್ಲ. ಮಾವನೂ ನನ್ನ ಅಂಥೋಳು ಅಂದ್ಕಂಬುಟ್ರೆ ನನ್ ಮಗ ಬೀದಿ ಪಾಲು." ನಮ್ಮ ಕಡೆ ಹೆಣ್ಣುಮಗುವನ್ನೂ ಮಗ ಎನ್ನುವುದುಂಟು.

ಅದಾದ ವಾರದಲ್ಲೇ ಔಷಧಿ ಅವಳ ಮೂತ್ರಪಿಂಡ ಕೆಡಿಸಿತು. ಉಚ್ಚೆ ನಿಂತು ಮುಖ ಊದಿತು. ನಿಲ್ಲಿಸದೆ ವಿಧಿಯಿರಲಿಲ್ಲ. ನಿಲ್ಲಿಸಿದ ಮೇಲೆ ಗಾಜಿನಲ್ಲಿ ಬಳೆಗಳು ಒಂದೊಂದಾಗಿ ಮರಳಿ ಬಂದವು. ನಾನು ಎಣಿಸುವುದನ್ನು ಬಿಟ್ಟೆ.

ಮುನಿಯಪ್ಪ ದಿನವೂ ಡಾಕ್ಟರಮ್ಮನ ಬಾಗಿಲಲ್ಲಿ ನಿಲ್ಲುತ್ತಿದ್ದ. ಏನು ಕಾಯಿಲೆ, ಎಲ್ಲಿಂದ ಬಂತು, ಮಗ ಯಾಕೆ ಬರುವುದಿಲ್ಲ. ಡಾಕ್ಟರಮ್ಮ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದರು. ಒಂದು ದಿನ ಊಟದ ಡಬ್ಬಿ ಮುಂದಿಟ್ಟುಕೊಂಡು ಮುಟ್ಟದೆ ನನಗೆ ಹೇಳಿದರು: "ರಕ್ತ ಅಂತ ಹೇಳಿದರೆ ಮಗನೇ ನಂಬಲಿಲ್ಲ, ಊರು ನಂಬುತ್ತದಾ? ಈ ಮುದುಕ ಒಬ್ಬ ನಂಬುತ್ತಾನೆ. ನಂಬಿದರೆ ಸಾಯುತ್ತಾನೆ. ಆ ರಕ್ತ ಮಾರುವವನ ಕೈ ಹಿಡಿದು ಕರೆತಂದವನು ಅವನೇ ಅಲ್ಲವಾ?"

ನನಗೆ ಅಲ್ಲಿಯವರೆಗೆ ಅದು ಹೊಳೆದೇ ಇರಲಿಲ್ಲ. ಸೋಮವಾರದ ದೀಪ ನೆನಪಾಗಿ ನನ್ನ ಡಬ್ಬಿಯನ್ನೂ ಮುಚ್ಚಿಟ್ಟೆ.

ಸಂಜೆ ಮುನಿಯಪ್ಪನನ್ನು ಕೂರಿಸಿಕೊಂಡು ಡಾಕ್ಟರಮ್ಮ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಇದು ಒಂದು ಬೂಷ್ಟು. ಪಾರಿವಾಳದ ಹಿಕ್ಕೆಯಲ್ಲಿ ಇರುತ್ತದೆ. ಉಸಿರಿನಲ್ಲಿ ಹೋಗಿ ತಲೆಗೆ ಏರಿದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅರ್ಧ ಮಾತ್ರ ಹೇಳಿದ್ದೆವು. ಮುನಿಯಪ್ಪ ಟವೆಲ್ಲನ್ನು ತಲೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ಸೂರಿನ ಕೆಳ್ಗೆ ಮಡಕೆ ಕಟ್ಟಿವ್ನಿ ಅವ್ಕೆ. ದಿನಾ ಅವ್ಳೇ ಅಲ್ವಾ ಗುಡ್ಸೋದು" ಎಂದ. ಬೇರೇನೂ ಕೇಳದೆ ಎದ್ದು ಊರ ಬಸ್ಸು ಹಿಡಿಯಲು ಹೋದ.

ಎರಡು ದಿನ ಬಿಟ್ಟು ಮಂಜಿಯನ್ನು ಕರೆದುಕೊಂಡು ಬಂದ. ಮಗು ನೇರ ತಾಯಿಯ ಮಂಚಕ್ಕೆ ಹೋಗಿ ಹೇಳಿತು: "ಅವ್ವ, ತಾತ ಎಲ್ಲಾ ಪಾರಿವಾಳದ್ ಕತ್ತೂ ಮುರಿದಾಕ್ತು. ಮಡಕೇನೂ ಒಡೆದಾಕ್ತು. ಮರೀನೂ ಬುಡ್ಲಿಲ್ಲ."

ರತ್ನಮ್ಮ ಆವತ್ತು ಅತ್ತಳು. ರೋಗದ ಹೆಸರು ಕೇಳಿದಾಗ ಬಾರದ ಅಳು ಆಗ ಬಂತು. ಮಾವನ ಕಡೆ ತಿರುಗಿ, ನೆಟ್ಟಗಿದ್ದ ಒಂದು ಕಣ್ಣಿನಲ್ಲೇ ನೋಡುತ್ತಾ, "ಅವೇನ್ ಮಾಡಿದ್ವು ಮಾವ?" ಎಂದಳು. ಮುನಿಯಪ್ಪ ಅವಳ ಕಂಬಳಿ ಸರಿಪಡಿಸಿದ. "ಓಗ್ಲಿ ಬುಡು ಮಗ. ನೀನ್ ಬಂದ್ರೆ ಸಾಕು" ಎಂದ. ಅವಳು ನನ್ನ ಮುಖ ನೋಡಿದಳು. ನಿಜ ಹೇಳಿಬಿಡುತ್ತಾಳೆ ಎಂದುಕೊಂಡೆ. ಮಗುವಿನ ತಲೆ ಸವರಿ ಕಣ್ಣು ಮುಚ್ಚಿಕೊಂಡಳು.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೋಗುತ್ತದೆ ಎನ್ನುತ್ತಾರೆ. ಆ ವರ್ಷ ಅವಳೂ ಅದರ ಜೊತೆಗೇ ಹೋದಳು. ಕೊನೆಯ ವಾರ ಅವಳಿಗೆ ಯಾರ ಗುರುತೂ ಇರಲಿಲ್ಲ. ಬೆನ್ನುನೀರು ತೆಗೆದರೂ ಮಾತು ಬರಲಿಲ್ಲ. ಹೆಣವನ್ನು ವ್ಯಾನಿಗೆ ಏರಿಸುವಾಗ ಗೋಪಾಲ ಬಂದಿದ್ದ, ಮುಟ್ಟಲಿಲ್ಲ. ಒಂದು ಕಡೆ ಮುದುಕ ಹಿಡಿದ, ಇನ್ನೊಂದು ಕಡೆ ನಾನೂ ಡಾಕ್ಟರಮ್ಮನೂ ಹಿಡಿದೆವು. ಅವಳ ತೂಕ ಎಷ್ಟು ಕಡಿಮೆಯಿತ್ತೆಂದರೆ ಮೂವರು ಬೇಕಾಗಿರಲಿಲ್ಲ.

ಯುಗಾದಿಗೆ ಮುಂಚೆ, ಬಿಸಿಲು ಕಾಯತೊಡಗಿದ್ದ ಒಂದು ಬೆಳಗ್ಗೆ ಮುನಿಯಪ್ಪ ಮಂಜಿಯನ್ನು ಕರೆದುಕೊಂಡು ಲ್ಯಾಬಿನ ಬಾಗಿಲಿಗೆ ಬಂದ. ಡಾಕ್ಟರಮ್ಮ ಊರಲ್ಲಿರಲಿಲ್ಲ. ಕೂರು ತಾತ ಎಂದರೂ ಕೂರಲಿಲ್ಲ.

"ನೀನೇ ಏಳು ತಾಯಿ. ಆ ಮಿಷನ್ನಾಗೆ ನೋಡ್ದೋಳು ನೀನೇ ಅಲ್ವಾ. ಗೋಪಾಲ ಊರ ತುಂಬಾ ಬ್ಯಾರೆ ಮಾತಾಡ್ತವ್ನೆ. ಅದು ಪಾರಿವಾಳದ್ದಲ್ಲ, ಕೆಟ್ಟ ಕಾಯ್ಲೆ ಅಂತವ್ನೆ. ಈ ಮಗೀನ ಅದ್ರ ಸೋದರಮಾವನ ಮನೆ ಬಾಗ್ಲಾಗೆ ಬುಟ್ಬತ್ತೀನಿ, ನನ್ಗುಟ್ಟಿದ್ದೋ ಅಲ್ವೋ ಯಾರ್ಗೊತ್ತು ಅಂತವ್ನೆ." ಅವನು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡ. "ನಾಳೆ ನಾಲ್ಕು ಜನದ ಮುಂದೆ ಕೂತು ಮಾತಾಡ್ಬೇಕು ನಾನು. ನಿಜ ಬೇಕು ನಂಗೆ. ಏನಿದ್ರೂ ತಡ್ಕಂತೀನಿ. ನನ್ ಪಾರಿವಾಳಾನೇನಾ, ಅಲ್ವಾ?"

ನಾನು ಅವನ ಕೈಗಳನ್ನು ನೋಡಿದೆ. ಟೀ ಅಂಗಡಿಯವನನ್ನು ಹಿಡಿದು ತಂದ ಕೈ, ಹಕ್ಕಿಗಳ ಕತ್ತು ಮುರಿದ ಕೈ. ಏನಿದ್ದರೂ ತಡೆದುಕೊಳ್ಳುತ್ತೇನೆ ಎನ್ನುವವರನ್ನು ನಾನು ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಯಾರೂ ತಡೆದುಕೊಳ್ಳುವುದಿಲ್ಲ.

"ಪಾರಿವಾಳಾನೇ ತಾತ" ಎಂದೆ. "ನಾನೇ ಕಣ್ಣಾರೆ ನೋಡಿದೆ." ಇವತ್ತು ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ.

"ಅವ್ಳ ತಪ್ಪೇನೂ ಇಲ್ಲ?"

"ಏನೇನೂ ಇಲ್ಲ."

ಮುದುಕ ಗೋಡೆಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟ. ಅವನ ಮುಖದಲ್ಲಿ ಅಷ್ಟೊಂದು ನೆಮ್ಮದಿ ನಾನು ಆ ಚಳಿಗಾಲದುದ್ದಕ್ಕೂ ನೋಡಿರಲಿಲ್ಲ. ಅವನು ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಮಂಜಿಯನ್ನು ತನ್ನ ಎದುರಿಗೆ ನಿಲ್ಲಿಸಿಕೊಂಡ.

"ಕೇಳಿಸ್ಕಂಡೇನವ್ವ? ನಿಮ್ಮವ್ವ ಏನೂ ತಪ್ಪು ಮಾಡಿಲ್ಲ. ತಾತನಿಂದ ಆಗಿದ್ದು. ತಾತ ಸಾಕಿದ್ದ ಪಾರಿವಾಳದಿಂದ ಸತ್ತೋದ್ಲು. ನಾನ್ ಸತ್ಮೇಲೂ ಯಾರಾರಾ ಕೇಳುದ್ರೆ ಅಂಗೇ ಏಳ್ಬೇಕು. ಎಲ್ಲಿ, ಏಳು ನೋಡಾನ."

ಮಗು ಅವನ ಮುಖ ನೋಡಿತು, ನನ್ನ ಮುಖ ನೋಡಿತು.

"ತಾತನಿಂದ ಆಯ್ತು" ಎಂದಿತು.

"ಊಂ" ಎಂದ ಮುನಿಯಪ್ಪ, ಅದರ ಕೆನ್ನೆ ಒರೆಸುತ್ತಾ. "ಇನ್ನೊಂದ್ಸಲ ಏಳವ್ವ. ಒಸಿ ಜೋರಾಗಿ."